ಕರ್ತೃವನ್ನು ಕಳೆದುಕೊಂಡ ಬರಹಗಳು

ಮೊಬೈಲಿನಿಂದ ಮೊಬೈಲಿಗೆ ದಾಟುತ್ತ ಬರುವ ಕನ್ನಡ ಬರಹಗಳ ಅಡಿಯಲ್ಲಿ, ಲೇಖಕನ ಹೆಸರು ಇರಬೇಕಾದ ಸ್ಥಳದಲ್ಲಿ, ಈಚೆಗೆ 'ಕೃಪೆ: ಅಂತರ್ಜಾಲ' ಎಂಬ ಒಂದು ಸಾಲು ಕಾಣಿಸಿಕೊಳ್ಳುತ್ತದೆ, ಒಮ್ಮೊಮ್ಮೆ ಅದು 'ಕೃಪೆ: ವಾಟ್ಸ್‌ಆ್ಯಪ್' ಎಂದಾಗುತ್ತದೆ, ಇನ್ನೊಮ್ಮೆ ಬರಿಯ 'ಸಂಗ್ರಹ' ಎಂದಾಗುತ್ತದೆ, ಕಳುಹಿಸಿದವರು ತೀರ ವಿನಯಶೀಲರಾಗಿದ್ದರೆ 'ಯಾರೋ ಪುಣ್ಯಾತ್ಮರು ಬರೆದದ್ದು' ಎಂದಾಗುತ್ತದೆ. ಹೀಗೆ ಬರೆಯುವವರಲ್ಲಿ ಬಹುಮಂದಿಗೆ ಕಪಟವಿಲ್ಲವೆಂಬುದನ್ನು ನಾನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಮ್ಮದಲ್ಲದ್ದನ್ನು ತಮ್ಮದೆನ್ನಬಾರದೆಂಬ ಸಂಕೋಚವೇ ಆ ಸಾಲನ್ನು ಅವರ ಕೈಯಲ್ಲಿ ಬರೆಯಿಸುತ್ತದೆ. ಆದರೂ ಕಾಗದವನ್ನೋದಿ ಸಂತೋಷಪಟ್ಟು, ಬರೆದವರನ್ನು ಬಿಟ್ಟು ತಂದುಕೊಟ್ಟ ಅಂಚೆಯಣ್ಣನಿಗೆ ವಂದನೆ ಹೇಳಿದಂತಹ ಈ ಕೃತಜ್ಞತೆಯನ್ನು ಕಂಡಾಗ, ಕೆಲವು ಕಾಲದಿಂದ ಅಂತರ್ಜಾಲದಲ್ಲಿ ಬರೆಯುತ್ತಿರುವ ನನ್ನಂಥವರಿಗೆ ನಗುವೂ ಬರುತ್ತದೆ, ನಕ್ಕು ಮುಗಿಸುವಷ್ಟು ಹಗುರವಾದ ವಿಷಯ ಇದಲ್ಲವಲ್ಲಾ ಎಂಬ ಚಿಂತೆಯೂ ಬರುತ್ತದೆ.

ಅಂತರ್ಜಾಲದಲ್ಲಿರುವುದೆಲ್ಲವೂ ಸರ್ವಜನರ ಸ್ವತ್ತೆಂಬ ಭಾವನೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಪಶ್ಚಿಮ ಭಾಗದಲ್ಲಿ 'ಕುಕ್ಸ್ ಸೋರ್ಸ್' ಎಂಬ ಸಣ್ಣದೊಂದು ಪಾಕಪತ್ರಿಕೆ ಇತ್ತು. ಮಧ್ಯಯುಗದ ಇಂಗ್ಲೆಂಡಿನ ಅಡುಗೆಯಲ್ಲಿ ಆಸಕ್ತಿಯಿದ್ದ ಲೇಖಕಿಯೊಬ್ಬರು ಸೇಬಿನ ಪೈಯ ಪುರಾತನ ಪಾಕವಿಧಾನಗಳನ್ನು ಹೋಲಿಸಿ 2005ರಲ್ಲಿ ಬರೆದಿದ್ದ ಪ್ರಬಂಧವೊಂದನ್ನು ಆ ಪತ್ರಿಕೆ 2010ರಲ್ಲಿ ಅಂತರ್ಜಾಲದಿಂದೆತ್ತಿ ಅಚ್ಚುಹಾಕಿತು. ಹೆಸರೇನೋ ಇತ್ತು, ಅಪ್ಪಣೆ ಇರಲಿಲ್ಲ. ಲೇಖಕಿ ಕೇಳಿದ್ದು ಒಂದು ಕ್ಷಮಾಪಣೆಯನ್ನು ಮತ್ತು ತನಗಾಗಿ ಅಲ್ಲದೆ ಕೊಲಂಬಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಗೆ 130 ಡಾಲರುಗಳ ದಾನವನ್ನು. ಸಂಪಾದಕರಿಂದ ಬಂದ ಉತ್ತರದ ತಾತ್ಪರ್ಯವಿಷ್ಟು: ಅಂತರ್ಜಾಲವೆಂಬುದು ಸಾರ್ವಜನಿಕ ಸ್ವತ್ತು, ನಿಮ್ಮ ಲೇಖನಕ್ಕೆ ಬೇರೆಯವರ ಹೆಸರನ್ನು ಹಾಕಲಿಲ್ಲವೆಂದು ನೀವು ಸಂತೋಷಪಡಬೇಕು, ಅದನ್ನು ತಿದ್ದಿ ಓದುವಂತೆ ಮಾಡಿಕೊಟ್ಟದ್ದಕ್ಕೆ ನ್ಯಾಯವಾಗಿ ನೀವೇ ನಮಗೆ ಹಣ ಕೊಡಬೇಕು. ಆ ಪತ್ರ ಬಯಲಾದ ಬಳಿಕ ಓದುಗರು ಪತ್ರಿಕೆಯ ಹಳೆಯ ಸಂಚಿಕೆಗಳನ್ನು ತೆಗೆದು ನೋಡಲಾರಂಭಿಸಿದರು, ಇನ್ನೆಷ್ಟೋ ಬರಹಗಳ ಮೂಲ ಬೇರೆಬೇರೆ ಕಡೆಗಳಲ್ಲಿ ಸಿಕ್ಕಿತು, ಜಾಹೀರಾತುದಾರರು ಕೈಬಿಟ್ಟರು, ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಪತ್ರಿಕೆ ಮುಚ್ಚಿಹೋಯಿತು. ಒಂದು ಸರಳವಾದ 'ತಪ್ಪಾಯಿತು' ಎಂಬ ಮಾತಿನಿಂದ ಉಳಿಯಬಹುದಾಗಿದ್ದ ಪತ್ರಿಕೆಯು ತನ್ನ ಸಮರ್ಥನೆಯಿಂದ ಹಾಳಾಯಿತೆಂಬುದು ಆ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ತೋರುವ ಅಂಶ.

ಸಮರ್ಥನೆಯ ಕಲೆಯಾದರೂ ಹೊಸದಲ್ಲ. ಏಳನೆಯ ಶತಮಾನದ ಬಾಣಭಟ್ಟನು ಹರ್ಷಚರಿತದ ಪೀಠಿಕೆಯಲ್ಲಿಯೇ, ಅನ್ಯರ ಅಕ್ಷರಗಳನ್ನು ಅತ್ತಿತ್ತ ಮಾಡಿ, ರಚನೆಯ ಗುರುತುಗಳನ್ನು ಮರೆಸಿ ಬರೆಯುವ ಕವಿಯು, ಯಾರೂ ಎತ್ತಿ ಹೇಳದಿದ್ದರೂ, ಸಜ್ಜನರ ನಡುವೆ ಕಳ್ಳನೆಂದೇ ಗುರುತಿಸಲ್ಪಡುತ್ತಾನೆಂಬ ಅಭಿಪ್ರಾಯವನ್ನು ಹೇಳಿದ್ದಾನೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ ಇಬ್ಬರು ಕವಿಗಳ ಕೃತಿಗಳಲ್ಲಿ ಕಾಣುವ ಸಾಮ್ಯವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಕನ್ನಡಿಯ ಬಿಂಬದಂಥದು, ಚಿತ್ರದ ಪ್ರತಿಯಂಥದು, ರೂಪದಲ್ಲಿ ಹೋಲುವ ಇಬ್ಬರು ಮನುಷ್ಯರಂಥದು. ಮೊದಲಿನವೆರಡು ತ್ಯಾಜ್ಯ, ಮೂರನೆಯದರಲ್ಲಿ ಹೋಲಿಕೆಯಿದ್ದರೂ ಪ್ರಾಣ ಪ್ರತ್ಯೇಕವಾಗಿರುವುದರಿಂದ ಅದು ಗ್ರಾಹ್ಯ. ಈ ವಿವೇಚನೆಯಲ್ಲಿರುವ ಸೂಕ್ಷ್ಮತೆಯನ್ನು, ನೂರಕ್ಕೆ ಇಂತಿಷ್ಟು ಅಂಶ ಸಾಮ್ಯವೆಂದು ಲೆಕ್ಕ ಒಪ್ಪಿಸುವ ಇಂದಿನ ತಂತ್ರಾಂಶಗಳಿಂದ ನಾವು ನಿರೀಕ್ಷಿಸುವಂತಿಲ್ಲ. 2018ರ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮಾವಳಿಯು ಪ್ರೌಢಪ್ರಬಂಧಗಳಲ್ಲಿ ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲವೆಂದು ಹೇಳಿ, ಅದರ ಮೇಲೆ 40, 60 ಎಂಬ ಮೆಟ್ಟಿಲುಗಳನ್ನು ಕಟ್ಟಿದೆ. ಎಲ್ಲ ಮಾತುಗಳನ್ನೂ ಬದಲಿಸಿ ಪ್ರಾಣವನ್ನು ಮಾತ್ರ ಕದ್ದವನು ಆ ಮೆಟ್ಟಿಲುಗಳ ಯಾವುದನ್ನೂ ಹತ್ತಬೇಕಾಗುವುದಿಲ್ಲ.

ಆದರೆ ಈ ವಿಷಯದಲ್ಲಿ ಎಲ್ಲರಿಗಿಂತ ಸ್ವಾರಸ್ಯವಾಗಿ ಬರೆದವನು ಕಾವ್ಯಮೀಮಾಂಸೆಯ ರಾಜಶೇಖರ. ಕಾವ್ಯಹರಣಕ್ಕೆಂದೇ ಅವನು ಹಲವು ಅಧ್ಯಾಯಗಳನ್ನು ಮೀಸಲಿಟ್ಟಿದ್ದಾನೆ. ಉಳಿದ ಕಳವುಗಳು ಕಾಲ ಕಳೆದಂತೆ ಮಾಸಿಹೋಗುತ್ತವೆ, ಮಾತಿನ ಕಳವು ಮಾತ್ರ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಮಾಸದೆಂಬ ಆಚಾರ್ಯರ ಕಠಿನವಾದ ಅಭಿಪ್ರಾಯವನ್ನು ಮುಂದಿಟ್ಟು, ಅದಕ್ಕೆದುರಾಗಿ ತನ್ನ ಪತ್ನಿಯಾದ ಅವಂತಿಸುಂದರಿಯ ಮತವನ್ನು ಅವನು ಹೇಳುತ್ತಾನೆ. ಆಕೆ ಕೊಡುವ ಪಟ್ಟಿಯನ್ನು ಓದುವಾಗ, ಆ ವಿದುಷಿ ಇಂದಿನ ಫೇಸ್‌ಬುಕ್ ಪುಟಗಳನ್ನು ನೋಡಿಯೇ ಬರೆದಳೋ ಎನ್ನಿಸುತ್ತದೆ: ಅವನು ಅಪ್ರಸಿದ್ಧ, ನಾನು ಪ್ರಸಿದ್ಧ, ಅವನಿಗೆ ಪ್ರತಿಷ್ಠೆಯಿಲ್ಲ, ನನಗುಂಟು, ಅವನ ಭಾಷೆಗೆ ಆದರವಿಲ್ಲ, ನನ್ನದಕ್ಕುಂಟು, ಮೂಲವನ್ನು ಬಲ್ಲವರು ಯಾರೂ ಉಳಿದಿಲ್ಲ, ಅದು ಎಲ್ಲೋ ದೂರದೇಶದ ಕವಿಯದು. ಇಂಥ ಸಂದರ್ಭಗಳಲ್ಲಿ ಅಪಹರಣವನ್ನು ಕ್ಷಮಿಸಬಹುದೆಂದು ಆಕೆಯ ವಾದ. ಕೊನೆಗೆ ರಾಜಶೇಖರನು, ಕಳ್ಳನಲ್ಲದ ಕವಿಯೂ ಇಲ್ಲ, ಕಳ್ಳನಲ್ಲದ ವರ್ತಕನೂ ಇಲ್ಲ, ಅಡಗಿಸಬಲ್ಲವನು ನಿಂದೆಗೆ ಗುರಿಯಾಗದೆ ಬಾಳುತ್ತಾನೆ ಎಂದು ಮುಗಿಸುತ್ತಾನೆ. ಇದು ನಗೆಯೋ ನೀತಿಯೋ ಎಂಬುದನ್ನು ಓದುಗರು ತೀರ್ಮಾನಿಸಲಿ. ರಾಜಸಭೆಗಳನ್ನು ಹತ್ತಿರದಿಂದ ಕಂಡವನ ಅನುಭವವಾಣಿ ಅದೆಂದು ಮಾತ್ರ ನನಗನ್ನಿಸುತ್ತದೆ.

ಕನ್ನಡದಲ್ಲಿ ಈ ಸಮಸ್ಯೆ ಬೇರೊಂದು ರೂಪವನ್ನು ತಾಳಿತು. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಸೋಮೇಶ್ವರನ ಕಾಲದಲ್ಲಿ, ಮಲ್ಲಿಕಾರ್ಜುನನು ಪೂರ್ವಕವಿಗಳ ಪದ್ಯಗಳನ್ನು ಆಯ್ದು 'ಸೂಕ್ತಿಸುಧಾರ್ಣವ'ವೆಂಬ ಸಂಕಲನವನ್ನು ಮಾಡಿದನು. ಆ ಪುಣ್ಯಕಾರ್ಯದಿಂದ ನಷ್ಟವಾದ ಕಾವ್ಯಗಳ ಎಷ್ಟೋ ಪದ್ಯಗಳು ನಮಗೆ ಉಳಿದವು. ಆದರೆ ಯಾವ ಪದ್ಯ ಯಾರದೆಂದು ಹೇಳುವ ಪದ್ಧತಿಯಿಲ್ಲದ್ದರಿಂದ, ಈಚಿನ ಕಾಲದ ಪಂಡಿತರು ಅನ್ಯಾಧಾರಗಳನ್ನು ಹುಡುಕಿ ಒಂದೊಂದೇ ಪದ್ಯವನ್ನು ಅದರದರ ಕರ್ತೃವಿಗೆ ಒಪ್ಪಿಸುವ ಕಷ್ಟಕ್ಕೆ ತಲೆಕೊಡಬೇಕಾಯಿತು. ಒಪ್ಪಿಸಲಾಗದೆ ಉಳಿದ ಪದ್ಯಗಳೂ ಉಂಟು. ಸರ್ವಜ್ಞನ ವಿಷಯದಲ್ಲಿ ನಡೆದುದು ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಹೆಸರು ಕಳೆದುಹೋಗಲಿಲ್ಲ, ಮಿತಿಮೀರಿ ಬೆಳೆಯಿತು. ತ್ರಿಪದಿಯ ಕೊನೆಗೆ 'ಸರ್ವಜ್ಞ' ಎಂದು ಸೇರಿಸಿದರೆ ಯಾರ ಮಾತಿಗಾದರೂ ಪ್ರಾಮಾಣ್ಯ ಬರುತ್ತಿದ್ದುದರಿಂದ, ಊರೂರಿನ ಅಜ್ಞಾತರು ತಮ್ಮ ಅನುಭವವನ್ನೂ ಜಗಳವನ್ನೂ ಆತನ ಬಾಯಲ್ಲಿ ಹಾಕಿದರು. 1924ರಲ್ಲಿ ಉತ್ತಂಗಿ ಚನ್ನಪ್ಪನವರು ಆ ವಚನಗಳನ್ನು ಸಂಪಾದಿಸಿ ಪ್ರಕಟಿಸಿದ ಮೇಲೆಯೂ, ಯಾವುದು ಆತನದು, ಯಾವುದು ಅನ್ಯರದು ಎಂಬ ಚರ್ಚೆ ನಿಲ್ಲಲಿಲ್ಲ.

ಈ ಎರಡು ವ್ಯಾಧಿಗಳೂ ಇಂದಿನ ಕನ್ನಡ ಅಂತರ್ಜಾಲದಲ್ಲಿ ಜೊತೆಜೊತೆಯಾಗಿ ನೆಲೆಸಿವೆ. ಎಂದೂ ಅವರು ಬರೆಯದ ಸುಭಾಷಿತಗಳಿಗೆ ಕುವೆಂಪು ಅವರ ಭಾವಚಿತ್ರ ಅಂಟಿಕೊಂಡು ಬರುತ್ತದೆ. ನಾಲ್ಕು ಸಾಲಿನ ಯಾವ ಉಪದೇಶವಾದರೂ ಡಿ.ವಿ.ಜಿ. ಅವರ ಹೆಸರಿನಲ್ಲಿ ತಿರುಗಬಹುದು. ಅದೇ ಹೊತ್ತಿಗೆ, ನಿಜವಾಗಿ ಕುಳಿತು, ಓದಿ, ಅಲೆದು ಬರೆದವನ ಹೆಸರು ಎರಡನೆಯ ಮೊಬೈಲು ತಲಪುವಷ್ಟರಲ್ಲಿ ಕಳಚಿಬೀಳುತ್ತದೆ. ಸಣ್ಣವನಿಂದ ಹೆಸರನ್ನು ಕಿತ್ತುಕೊಂಡು ದೊಡ್ಡವರ ಮೇಲೆ ಹೇರುವ ಈ ಧರ್ಮಕಾರ್ಯದಿಂದ ದೊಡ್ಡವರಿಗೆ ಆಗುವ ಅಪಚಾರವು ಸಣ್ಣವನಿಗಾಗುವ ನಷ್ಟಕ್ಕಿಂತ ಕಡಮೆಯದೇನಲ್ಲ.

ನಷ್ಟವೆಂದೆ. ಏನು ನಷ್ಟ? ಕನ್ನಡದಲ್ಲಿ ಅಂತರ್ಜಾಲಕ್ಕೆ ಬರೆಯುವುದರಿಂದ ಬರುವ ಸಂಪಾದನೆಯನ್ನು ನೆನೆದರೆ, ಕದ್ದವನೂ ನನ್ನಷ್ಟೇ ಬಡವನಾಗಿ ಉಳಿದಿರಬೇಕೆಂದು ಮರುಕ ಹುಟ್ಟುತ್ತದೆ. ಕೀರ್ತಿಯೋ, ಅದೂ ಅಂತಹ ದೊಡ್ಡ ಗಂಟಲ್ಲ. 'ನಾಲ್ಕು ಜನ ಓದಿದರಲ್ಲಾ, ಸಾಲದೆ?' ಎಂದು ಕೇಳುವ ಮಿತ್ರರಿಗೆ ನಾನು ಬಹುಕಾಲ ಸರಿಯಾದ ಉತ್ತರ ಕೊಡಲಾರದೆ ಇದ್ದೆ. ಉತ್ತರವನ್ನು ಒದಗಿಸಿಕೊಟ್ಟದ್ದು ಹಾವು ಕಡಿತವನ್ನು ಕುರಿತು ನಾನು ಬರೆದಿದ್ದ ಒಂದು ಲೇಖನ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ವಿಷಸರ್ಪಗಳನ್ನೂ, ಅವುಗಳ ವಿಷಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವನ್ನೂ ವಿವರಿಸಿ, ಹಿಂದಿನವರು ಕಡಿದ ಜಾಗದ ಮೇಲ್ಗಡೆ ಹಗ್ಗದಿಂದ ಬಿಗಿದು ಕಟ್ಟುತ್ತಿದ್ದ ಕ್ರಮವನ್ನು ಒಂದು ಪ್ಯಾರಾದಲ್ಲಿ ವರ್ಣಿಸಿದ್ದೆ. ಹಾಗೆ ಬಿಗಿಯುವುದರಿಂದ ರಕ್ತಸಂಚಾರ ನಿಂತು ಕೈಕಾಲು ಕೊಳೆಯುವುದುಂಟೆಂದೂ, ಕಟ್ಟು ಬಿಚ್ಚಿದೊಡನೆ ವಿಷ ಒಮ್ಮೆಲೇ ಮೈಗೇರುವ ಅಪಾಯವಿದೆಯೆಂದೂ, ಆದ್ದರಿಂದ ಬಿಗಿಯಬಾರದು, ಕೊಯ್ಯಬಾರದು, ಅಂಗವನ್ನು ಅಲುಗದಂತಿರಿಸಿಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದೆಂದೂ ಅದರ ಮುಂದಿನ ಪ್ಯಾರಾದಲ್ಲಿ ಬರೆದಿದ್ದೆ. ಲೇಖನವನ್ನು ಎತ್ತಿಕೊಂಡ ಒಂದು ಪುಟದವರು ಅದು ಉದ್ದವಾಯಿತೆಂದು ಮೊದಲನೆಯ ಪ್ಯಾರಾವನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟರು, ನನ್ನ ಹೆಸರನ್ನೂ ಬಿಟ್ಟರು. ಅಲ್ಲಿಂದ ಮುಂದೆ ಅದು 'ಹಾವು ಕಚ್ಚಿದರೆ ನಮ್ಮ ಹಿರಿಯರು ಮಾಡುತ್ತಿದ್ದ ಪ್ರಥಮ ಚಿಕಿತ್ಸೆ' ಎಂಬ ತಲೆಬರಹದಲ್ಲಿ ಪ್ರಯಾಣ ಹೊರಟಿತು.

ಆಗ ನನಗೆ ಹೊಳೆದದ್ದು ಇದು: ಹೆಸರೆಂಬುದು ಬರೆದವನ ಮೆರವಣಿಗೆಗೆ ಹಿಡಿದ ಛತ್ರವಲ್ಲ, 'ಇದನ್ನು ಹೇಳಿದವನು ನಾನು, ತಪ್ಪಿದ್ದರೆ ನನ್ನನ್ನು ಕೇಳಿ' ಎಂಬ ವಾಗ್ದಾನ. ಹೆಸರಿರುವ ಬರಹದಲ್ಲಿ ತಪ್ಪು ಕಂಡರೆ ಓದುಗನು ಬರೆದವನನ್ನು ಹಿಡಿಯಬಹುದು, ಬರೆದವನು ತಿದ್ದಬಹುದು, ತಿದ್ದಿದ್ದೇನೆಂದು ಸಾರಬಹುದು. ಹೆಸರು ಕಳಚಿದ ಬರಹವನ್ನು ಯಾರೂ ತಿದ್ದಲಾರರು; ಅದಕ್ಕೆ ಪ್ರಶ್ನೆ ಕೇಳುವಂತಿಲ್ಲ; ಅದು ಕೈಯಿಂದ ಕೈಗೆ ದಾಟುವಾಗ ಒಬ್ಬೊಬ್ಬರೂ ತಮಗೆ ಸರಿಯೆಂದು ತೋರಿದ ಒಂದು ಸಾಲನ್ನು ಕಳೆಯುತ್ತಾರೆ ಅಥವಾ ಕೂಡಿಸುತ್ತಾರೆ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಸಾಲಿಗೆ ಸೇರಿಸಿತು. ಆಸ್ಪತ್ರೆಗೆ ಬಂದ ಪ್ರಕರಣ ಹೀಗೆ ಲೆಕ್ಕಕ್ಕೆ ಸಿಕ್ಕೀತು. ತಪ್ಪು ಸಲಹೆಯನ್ನು ನಂಬಿ ಹಗ್ಗ ಬಿಗಿದುಕೊಂಡು ಮನೆಯಲ್ಲಿಯೇ ಕುಳಿತವರನ್ನು ಯಾವ ಕಡತದಲ್ಲಿ ಬರೆಯುವುದು?

ಆ ಪುಟವನ್ನು ನಡೆಸುತ್ತಿದ್ದಾತನ ದೂರವಾಣಿಯ ಸಂಖ್ಯೆ ಪುಟದಲ್ಲಿಯೇ ಇತ್ತು. ಕರೆದು, ಯಾರು ಏನೆಂದು ಹೇಳಿಕೊಂಡೆ. ಎಳೆಯ ಕಂಠ. "ಸಾರ್, ನನಗೆ ಬಂದಾಗ್ಲೇ ಹೆಸರು ಇರ್ಲಿಲ್ಲ ಸಾರ್. ಇದ್ದಿದ್ರೆ ಹಾಕ್ತಿದ್ದೆ," ಎಂದ. ಅದು ನಿಜವೇ ಇದ್ದೀತು. ಹಾಗಾದರೆ ಕೊನೆಯ ಭಾಗವನ್ನು ಬಿಟ್ಟದ್ದೇಕೆಂದು ಕೇಳಿದೆ. "ಅಷ್ಟುದ್ದ ಇದ್ರೆ ಯಾರೂ ಓದಲ್ಲ ಸಾರ್," ಎಂದ. ಅದೂ ನಿಜವೇ. ನಾನು ಗದರಿಸಲಿಲ್ಲ, ಬಿಟ್ಟ ಪ್ಯಾರಾದಲ್ಲಿ ಏನಿತ್ತೆಂಬುದನ್ನು ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲದೆ ಇದ್ದು, "ಈಗ್ಲೇ ತೆಗೀತೀನಿ ಸಾರ್," ಎಂದ, ತೆಗೆದ. ಅವನು ತೆಗೆಯುವಷ್ಟರಲ್ಲಿ ಅದನ್ನು ಎತ್ತಿಕೊಂಡಿದ್ದವರು ಯಾರೂ ತೆಗೆಯಲಿಲ್ಲ.

ಹೀಗೆ ಎತ್ತಿಕೊಳ್ಳುವವರಲ್ಲಿ ಪ್ರೀತಿಯಿಂದ ಹಂಚುವವರು ಒಂದು ಬಗೆ, ತಮ್ಮ ಹೆಸರನ್ನು ಹಾಕಿಕೊಳ್ಳುವವರು ಇನ್ನೊಂದು ಬಗೆ, ಜಾಹೀರಾತಿನ ಕಾಸಿಗಾಗಿ ಯಂತ್ರದಿಂದ ಬಾಚಿಕೊಳ್ಳುವ ವ್ಯಾಪಾರಿಗಳು ಮತ್ತೊಂದು ಬಗೆ. ಎಲ್ಲರನ್ನೂ ಒಂದೇ ಕೋಲಿನಿಂದ ಬೆದರಿಸಹೊರಟವನು ಮೊದಲನೆಯವರ ಸ್ನೇಹವನ್ನು ಕಳೆದುಕೊಂಡು, ಕೊನೆಯವರ ಕೂದಲನ್ನೂ ಕೊಂಕಿಸಲಾರನು. ಮೊದಲನೆಯವರಿಗೆ ಒಂದು ಮಾತು ಸಾಕು. ಎರಡನೆಯವರ ವಿಷಯದಲ್ಲಿ, ಪತ್ರ ಬರೆಯುವುದಕ್ಕೆ ಮುಂಚೆ ಸಾಕ್ಷ್ಯವನ್ನು ಭದ್ರಪಡಿಸಿಕೊಳ್ಳುವುದೇ ವಿವೇಕ. ಏಕೆಂದರೆ ಪತ್ರ ತಲಪಿದೊಡನೆ ಅವರು ಮಾಡುವ ಪ್ರಥಮ ಕಾರ್ಯವೆಂದರೆ ಅಳಿಸುವುದು, ದ್ವಿತೀಯ ಕಾರ್ಯವೆಂದರೆ 'ಎಲ್ಲಿದೆ ತೋರಿಸಿ' ಎನ್ನುವುದು. ಪುಟದ ವಿಳಾಸವೂ ದಿನಾಂಕವೂ ಕಾಣುವಂತೆ ಚಿತ್ರ ತೆಗೆದಿಡಬೇಕು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನಿನಲ್ಲಿ ಆ ಪುಟದ ಪ್ರತಿಯೊಂದನ್ನು ಉಳಿಸಬೇಕು. ಮೊದಲು ಪ್ರಕಟವಾದ ತನ್ನ ಪುಟದ ಪ್ರತಿಯನ್ನೂ ಅಲ್ಲಿ ಇಟ್ಟಿರಬೇಕು. ವಿಷಯವು ನ್ಯಾಯಾಲಯದವರೆಗೂ ಹೋಗಬಹುದಾದರೆ, ವಿದ್ಯುನ್ಮಾನ ದಾಖಲೆಗೆ ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಪ್ರಕರಣವು ಕೇಳುತ್ತಿದ್ದ ಪ್ರಮಾಣಪತ್ರವನ್ನು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವೂ ಕೇಳುತ್ತದೆಂಬುದು ನೆನಪಿರಲಿ.

ಕದ್ದದ್ದನ್ನು ಹುಡುಕುವುದಾದರೂ ಕನ್ನಡದಲ್ಲಿ ಸುಲಭವಲ್ಲ. ಲೇಖನದಿಂದ ಅಪರೂಪದ ಐದಾರು ಪದಗಳ ಒಂದು ಸಾಲನ್ನು ಆರಿಸಿ ಉದ್ಧರಣಚಿಹ್ನೆಯೊಳಗಿಟ್ಟು ಹುಡುಕುವುದು ಎಲ್ಲ ಭಾಷೆಗಳ ಲೇಖಕರೂ ಬಲ್ಲ ಉಪಾಯ. ನಮ್ಮಲ್ಲಿ ಒಬ್ಬರು 'ಕೊಳಕುಮಂಡಲ'ವನ್ನು ಕೂಡಿಸಿ ಬರೆದರೆ ಇನ್ನೊಬ್ಬರು ಬಿಡಿಸಿ ಬರೆಯುತ್ತಾರೆ. ಒಬ್ಬರು ಸಂಧಿ ಮಾಡಿದ್ದನ್ನು ಇನ್ನೊಬ್ಬರು ಮುರಿಯುತ್ತಾರೆ. ಕೀಲಿಮಣೆಯಲ್ಲಿ ಒತ್ತಿದ ಕಣ್ಣಿಗೆ ಕಾಣದ ಚಿಹ್ನೆಯೊಂದು ಒಂದು ಪ್ರತಿಯಲ್ಲಿದ್ದು ಇನ್ನೊಂದರಲ್ಲಿಲ್ಲದೆ ಹೋದರೆ, ಕಣ್ಣಿಗೆ ಒಂದೇ ಆಗಿ ತೋರುವ ಎರಡು ಪದಗಳು ಯಂತ್ರಕ್ಕೆ ಬೇರೆಬೇರೆಯಾಗಿ ಕಾಣಬಹುದು. ಇದರ ಮೇಲೆ, ಬರಹವನ್ನು ಹೂವಿನ ಚೌಕಟ್ಟಿನ ಚಿತ್ರವಾಗಿ ಮಾಡಿ ಹಂಚುವವರುಂಟು. ಗಂಭೀರವಾದ ಕಂಠದಲ್ಲಿ ವಾದ್ಯಸಮೇತವಾಗಿ ಓದಿ ಯೂಟ್ಯೂಬಿಗೆ ಏರಿಸುವವರುಂಟು. ಅಂಥ ವಿಡಿಯೊ ಒಂದರಲ್ಲಿ ನನ್ನ ಲೇಖನವನ್ನು ನಾನೇ ಕೇಳಿದೆ. ಓದಿದವರ ಉಚ್ಚಾರಣೆ ಬಹಳ ಚೆನ್ನಾಗಿತ್ತೆಂದು ಹೇಳದಿದ್ದರೆ ಅನ್ಯಾಯವಾದೀತು.

ಕಾನೂನು ಏನನ್ನುತ್ತದೆ? ನಮ್ಮ ಕೃತಿಸ್ವಾಮ್ಯ ಅಧಿನಿಯಮ 1957ರದು. 1958ರ ಜನವರಿಯಲ್ಲಿ ಜಾರಿಗೆ ಬಂತು. ಬರೆದು ಮುಗಿಸಿದ ಕ್ಷಣದಿಂದಲೇ ಕೃತಿಸ್ವಾಮ್ಯ ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ, ಲೇಖನದ ಕೊನೆಗೆ ಚಿಹ್ನೆಯನ್ನೋ ಎಚ್ಚರಿಕೆಯನ್ನೋ ಹಾಕಲೇಬೇಕೆಂದಿಲ್ಲ. ಲೇಖಕನ ಜೀವಮಾನವೂ ಆಮೇಲೆ 60 ವರ್ಷಗಳೂ ಅದು ಉಳಿಯುತ್ತದೆ. ಅಧಿನಿಯಮದ 57ನೆಯ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಕ್ಕನ್ನು ಮಾರಿಬಿಟ್ಟಿದ್ದರೂ ಸಹ, ಕೃತಿಯು ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನೂ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸದಂತೆ ತಡೆಯುವ ಅಧಿಕಾರವನ್ನೂ ಲೇಖಕನಿಗೆ ಕೊಟ್ಟಿದೆ. ಹೆಸರನ್ನೂ ಒಂದು ಪ್ಯಾರಾವನ್ನೂ ಕಳೆದುಕೊಂಡವನಿಗೆ ಇದಕ್ಕಿಂತ ಹತ್ತಿರದ ಕಲಮು ಇನ್ನಾವುದಿದೆ? ಬರಹವನ್ನು ಇರಿಸಿಕೊಂಡಿರುವ ಜಾಲತಾಣದ ಸಂಸ್ಥೆಗೆ 52ನೆಯ ಪ್ರಕರಣದ ಅನ್ವಯ ಲಿಖಿತ ದೂರನ್ನು ಸಲ್ಲಿಸಿದರೆ, 2013ರ ನಿಯಮಗಳಂತೆ ಅದು 36 ಗಂಟೆಗಳೊಳಗೆ ಆ ಪ್ರತಿಯನ್ನು ತಡೆಹಿಡಿಯತಕ್ಕದ್ದು; ಆದರೆ 21 ದಿನಗಳಲ್ಲಿ ನ್ಯಾಯಾಲಯದ ಆಜ್ಞೆಯನ್ನು ತಂದೊಪ್ಪಿಸದಿದ್ದರೆ ತಡೆಯನ್ನು ತೆರವುಗೊಳಿಸಬಹುದು. ಅಮೆರಿಕದ ಸಂಸ್ಥೆಗಳು ತಮ್ಮ ದೇಶದ 1998ರ ಕಾನೂನಿನಂತೆ ನಮೂನೆಗಳನ್ನು ಇಟ್ಟುಕೊಂಡಿವೆ. ಅವನ್ನು ತುಂಬಿ ಕಳುಹಿಸಿದರೆ ಸಾಮಾನ್ಯವಾಗಿ ಬೇಗ ಕೆಲಸವಾಗುತ್ತದೆ. ದಾವೆ ಹೂಡಬೇಕಾದರೆ, ಎದುರಾಳಿಯ ಊರನ್ನು ಹುಡುಕಿಕೊಂಡು ಹೋಗದೆ, ತಾನು ವಾಸಿಸುವ ಜಿಲ್ಲೆಯ ನ್ಯಾಯಾಲಯದಲ್ಲಿಯೇ ಹೂಡುವ ಅನುಕೂಲವನ್ನು 62ನೆಯ ಪ್ರಕರಣ ಕಲ್ಪಿಸಿದೆ. ಶಿಕ್ಷೆಯ ಮಾತೂ ಉಂಟು: ಆರು ತಿಂಗಳಿಂದ ಮೂರು ವರ್ಷಗಳ ಸೆರೆಮನೆ, 50,000ದಿಂದ 2 ಲಕ್ಷ ರೂಪಾಯಿಗಳ ದಂಡ. ಒಂದು ಲೇಖನಕ್ಕಾಗಿ ಪೊಲೀಸು ಠಾಣೆಯ ಮೆಟ್ಟಿಲು ಹತ್ತಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಎರಡು ಪತ್ರಗಳಿಗೆ ಉತ್ತರ ಕೊಡದ ವ್ಯಾಪಾರಿಗೆ ಮೂರನೆಯ ಪತ್ರದಲ್ಲಿ ಈ ಸಂಖ್ಯೆಗಳನ್ನು ಕಾಣಿಸಿದರೆ ಅವನ ಓದುವ ಶ್ರದ್ಧೆ ಹೆಚ್ಚುವುದನ್ನು ಕಂಡಿದ್ದೇನೆ.

ಈ ಕಾನೂನಿಗೆ ಒಂದು ಎಲ್ಲೆಯುಂಟು; ಅದನ್ನು ಅರಿಯದೆ ಕೂಗಾಡುವ ಲೇಖಕರೂ ಉಂಟು. 'ಹಮ್ ಹಿಂದುಸ್ತಾನಿ' ಎಂಬ ನಾಟಕವನ್ನು 'ನ್ಯೂ ಡೆಲ್ಲಿ' ಎಂಬ ಚಲನಚಿತ್ರದವರು ಕದ್ದರೆಂದು ಆರ್.ಜಿ. ಆನಂದ್ ಅವರು ಹೂಡಿದ್ದ ಮೊಕದ್ದಮೆಯಲ್ಲಿ, 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕಲ್ಪನೆಗೂ ವಸ್ತುವಿಗೂ ಐತಿಹಾಸಿಕ ಸಂಗತಿಗೂ ಸ್ವಾಮ್ಯವಿಲ್ಲ, ಅವನ್ನು ನಿರೂಪಿಸಿದ ರೀತಿಗೆ ಮಾತ್ರ ಸ್ವಾಮ್ಯವುಂಟು ಎಂದು ತೀರ್ಪಿತ್ತಿತು, ನಾಟಕಕಾರರು ಸೋತರು. ನಮ್ಮ ಕರಾವಳಿಯಿಂದಲೇ ಹೋದ ಇನ್ನೊಂದು ವ್ಯಾಜ್ಯದಲ್ಲಿ, ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಅವರ ಉಯಿಲಿನ ಪ್ರಕಾರ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ 2009ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಉಯಿಲಿನಿಂದ ಬಂದ ಹಕ್ಕು ನಿಂತಿತು, ಆದರೆ ವಿದ್ಯಾಸಂಸ್ಥೆಯೊಳಗೆ ಅಧ್ಯಾಪಕ ವಿದ್ಯಾರ್ಥಿಗಳು ತಮ್ಮವರ ಮುಂದೆ ಆಡುವ ಪ್ರದರ್ಶನಕ್ಕೆ ಕಾನೂನೇ ಕೊಟ್ಟಿರುವ ವಿನಾಯಿತಿಯೂ ನಿಂತಿತು. ಹಲ್ಮಿಡಿಯ ಶಾಸನವನ್ನು ಕುರಿತು ನಾನು ಬರೆದೆನೆಂದ ಮಾತ್ರಕ್ಕೆ ಹಲ್ಮಿಡಿಯು ನನ್ನದಾಗಲಿಲ್ಲ. ಅದೇ ಸಂಗತಿಗಳನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ಬರೆದರೆ ಅದು ಕಳವಲ್ಲ, ಸಾಹಿತ್ಯವು ನಡೆಯುವ ರೀತಿಯೇ ಅದು.

ಕಳ್ಳನನ್ನು ಹಿಡಿಯಲು ಬಲೆಯೊಡ್ಡಿದವರ ಕಥೆಗಳು ವಿನೋದಮಯವಾಗಿವೆ. 1930ರ ದಶಕದಲ್ಲಿ ಅಮೆರಿಕದ ಭೂಪಟದ ಕಂಪನಿಯೊಂದು ನ್ಯೂಯಾರ್ಕ್ ಸಂಸ್ಥಾನದ ಪಟದಲ್ಲಿ 'ಆಗ್ಲೋ' ಎಂಬ ಇಲ್ಲದ ಊರೊಂದನ್ನು ಬರೆಯಿತು. ಪಟವನ್ನು ನಕಲು ಮಾಡಿದವರು ಊರನ್ನೂ ನಕಲು ಮಾಡಿ ಸಿಕ್ಕಿಬೀಳಲೆಂದು. ಇನ್ನೊಬ್ಬರ ಪಟದಲ್ಲಿ ಆ ಊರು ನಿಜವಾಗಿಯೂ ಕಾಣಿಸಿತು. ಆದರೆ ಅಷ್ಟರೊಳಗೆ ಪಟವನ್ನು ನಂಬಿದ ಯಾರೋ ಆ ಜಾಗದಲ್ಲಿ ಅದೇ ಹೆಸರಿನ ಅಂಗಡಿಯನ್ನೇ ತೆರೆದಿದ್ದರಂತೆ! ನಮ್ಮ ಕಾಲದಲ್ಲಿ, ಹಾಡುಗಳ ಸಾಹಿತ್ಯವನ್ನು ಸಂಗ್ರಹಿಸುವ 'ಜೀನಿಯಸ್' ಎಂಬ ಸಂಸ್ಥೆ ಎರಡು ಬಗೆಯ ಅಪಾಸ್ಟ್ರಫಿ ಚಿಹ್ನೆಗಳನ್ನು ಅದಲು ಬದಲಾಗಿ ಬಳಸಿ, ಅವನ್ನು ಮೋರ್ಸ್ ಸಂಕೇತವಾಗಿ ಓದಿದರೆ 'ಕೈಗೆ ಸಿಕ್ಕಿಬಿದ್ದೆ' ಎಂಬರ್ಥ ಬರುವಂತೆ ಹೂಡಿ, ಗೂಗಲ್ ತನ್ನಿಂದ ಎತ್ತಿಕೊಂಡಿದೆಯೆಂದು 2019ರಲ್ಲಿ ಆರೋಪಿಸಿತು. ಉಪಾಯ ಅದ್ಭುತ, ಮೊಕದ್ದಮೆ ಮಾತ್ರ ನಿಲ್ಲಲಿಲ್ಲ, ಏಕೆಂದರೆ ಆ ಹಾಡುಗಳ ಸ್ವಾಮ್ಯ ಜೀನಿಯಸ್ಸಿನದೂ ಆಗಿರಲಿಲ್ಲ.

ಆರೋಪಿಸುವ ಮುನ್ನ ಹೆಲೆನ್ ಕೆಲ್ಲರಳನ್ನು ಒಮ್ಮೆ ನೆನೆಯುವುದು ಒಳಿತು. ಹನ್ನೊಂದು ವರ್ಷದ, ಕಣ್ಣೂ ಕಿವಿಯೂ ಇಲ್ಲದ ಆ ಬಾಲೆ 1891ರಲ್ಲಿ ಮಂಜಿನ ರಾಜನನ್ನು ಕುರಿತು ಕಥೆಯೊಂದನ್ನು ಬರೆದು ಪರ್ಕಿನ್ಸ್ ಶಾಲೆಯ ಮುಖ್ಯಸ್ಥರಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಕಳುಹಿಸಿದಳು. ಪ್ರಕಟವಾದ ಮೇಲೆ ಅದು ಮಾರ್ಗರೆಟ್ ಕ್ಯಾನ್ಬಿಯವರ ಕಥೆಗೆ ತೀರ ಸಮೀಪವೆಂದು ತಿಳಿದುಬಂತು. ಆ ಕಥೆಯನ್ನು ಹಿಂದೆಂದೋ ಯಾರೋ ಅವಳ ಅಂಗೈಯಲ್ಲಿ ಬೆರಳಿನಿಂದ ಬರೆದು ಹೇಳಿದ್ದರು. ಕೇಳಿದ್ದೆಂಬುದು ಮರೆತುಹೋಗಿ ಕಥೆ ಮಾತ್ರ ನೆನಪಿನಲ್ಲಿ ನಿಂತಿತ್ತು. ಶಾಲೆಯ ಅಧ್ಯಾಪಕರು ಅಧಿಕಾರಿಗಳು ಸೇರಿ ಆ ಮಗುವನ್ನು ಕೂಡಿಸಿ ವಿಚಾರಣೆ ನಡೆಸಿದರು. ಆಮೇಲೆ ಜೀವಮಾನವಿಡೀ, ತನ್ನ ಮಾತು ತನ್ನದು ಹೌದೋ ಅಲ್ಲವೋ ಎಂಬ ಶಂಕೆ ಅವಳನ್ನು ಕಾಡಿತು. ವರ್ಷಗಳ ನಂತರ ಈ ವಿಷಯವನ್ನು ತಿಳಿದ ಮಾರ್ಕ್ ಟ್ವೇನ್ ಆ ವಿಚಾರಣೆಯವರ ಮೇಲೆ ಕೋಪವನ್ನು ಕಾರಿ ಅವಳಿಗೆ ಪತ್ರ ಬರೆದನು. ಆನಂದವರ್ಧನನ ಮೂರು ಬಗೆಗಳಲ್ಲಿ ಇದು ಯಾವುದೆಂದು ನಿರ್ಣಯಿಸುವುದು ಸುಲಭವಲ್ಲ. ಮಗುವನ್ನು ಅಳಿಸಿದ್ದು ತಪ್ಪೆಂದು ನಿರ್ಣಯಿಸಲು ಮಾತ್ರ ಶಾಸ್ತ್ರ ಬೇಕಾಗಿಲ್ಲ.

ಈಚೆಗೆ ಬರಹವನ್ನೋದಿ ಬೇರೆ ಮಾತುಗಳಲ್ಲಿ ಮರಳಿ ಹೇಳುವ ಯಂತ್ರಗಳು ಬಂದಿವೆ. 2024ರ ನವೆಂಬರಿನಲ್ಲಿ ಎಎನ್‌ಐ ಸುದ್ದಿಸಂಸ್ಥೆಯು ಓಪನ್‌ಎಐ ಕಂಪನಿಯ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿ, ಇಂಥ ಯಂತ್ರವು ಕಲಿಯುವುದಕ್ಕಾಗಿ ಅನ್ಯರ ಬರಹವನ್ನು ಬಳಸಬಹುದೇ ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿಯೂ ಎತ್ತಿದೆ. ಆ ದೊಡ್ಡ ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಬಿಡೋಣ. ನನಗೆ ತೋರುವ ಚಿಕ್ಕ ಸಂಗತಿಯೆಂದರೆ, ಕನ್ನಡಿಯ ಬಿಂಬವನ್ನು ಗುರುತಿಸಲು ನಾವು ಕಲಿಯುವಷ್ಟರಲ್ಲಿ ಕಳವು ಚಿತ್ರದ ಪ್ರತಿಗೆ ದಾಟಿಬಿಟ್ಟಿದೆ. ಹಾವಿನ ಲೇಖನವನ್ನು ಇಂದು ಯಾರಾದರೂ ಹಾಗೆ ಮರಳಿ ಬರೆಯಿಸಿದರೆ, ಉದ್ಧರಣಚಿಹ್ನೆಯೊಳಗಿಟ್ಟು ಹುಡುಕುವುದಕ್ಕೆ ನನ್ನದೊಂದು ಸಾಲೂ ಅಲ್ಲಿ ಸಿಕ್ಕದು, ಬಿಟ್ಟುಹೋದ ಪ್ಯಾರಾ ಮಾತ್ರ ಬಿಟ್ಟೇ ಹೋಗಿರುತ್ತದೆ.

ವಚನಕಾರರೂ ದಾಸರೂ ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಬಸವಣ್ಣನವರ ಕೂಡಲಸಂಗಮದೇವನೂ ಪುರಂದರದಾಸರ ಪುರಂದರವಿಠಲನೂ ಹಾಳೆಯ ಅಡಿಯಲ್ಲಿ ಪ್ರತ್ಯೇಕವಾಗಿ ಕುಳಿತ ಸಹಿಗಳಲ್ಲ. ರಚನೆಯ ಒಳಗೇ ಬೆರೆತವರು. ಅವರನ್ನು ಕತ್ತರಿಸಿದರೆ ವಾಕ್ಯವೂ ಕೆಡುತ್ತದೆ, ಲಯವೂ ಕೆಡುತ್ತದೆ. ಆ ದೇವರ ಹೆಸರು ಭಕ್ತಿಯಿಂದ ಬಂದದ್ದೆಂಬುದನ್ನು ನಾನು ಬಲ್ಲೆ, ಆದರೆ ಬಾಯಿಂದ ಬಾಯಿಗೆ ಸಾಗುವ ಸಾಹಿತ್ಯಕ್ಕೆ ಅದು ಕಾವಲನ್ನೂ ಒದಗಿಸಿತು. ಆ ಪಾಠವನ್ನು ಅಲ್ಪಮಟ್ಟಿಗೆ ನಾನೂ ಕಲಿತಿದ್ದೇನೆ. ಈಗ ಹೆಸರನ್ನು ಲೇಖನದ ಕೊನೆಗೆ ಇಡುವುದರ ಜೊತೆಗೆ, ಒಳಗಿನ ಒಂದು ವಾಕ್ಯದಲ್ಲಿ, ಅದಿಲ್ಲದೆ ಮುಂದಿನ ಮಾತು ಅರ್ಥವಾಗದಂತೆ, ನಾನು ಯಾರು, ಎಲ್ಲಿ ನೋಡಿ ಹೇಳುತ್ತಿದ್ದೇನೆ ಎಂಬುದನ್ನು ಸೇರಿಸುತ್ತೇನೆ. ಬಿಡಬಾರದ ಎಚ್ಚರಿಕೆಯನ್ನು ಬೇರೆ ಪ್ಯಾರಾಕ್ಕೆ ದೂಡದೆ, ಎಚ್ಚರಿಸಬೇಕಾದ ಸಂಗತಿಯನ್ನು ಹೇಳುವ ವಾಕ್ಯದಲ್ಲಿಯೇ ಹೆಣೆಯುತ್ತೇನೆ. ಇದರಿಂದ ನನ್ನ ವಾಕ್ಯಗಳು ಮೊದಲಿಗಿಂತ ಉದ್ದವಾದವೆಂಬ ಆಕ್ಷೇಪ ಮನೆಯವರಿಂದಲೇ ಬಂದಿದೆ.

ಪುಟ ನಡೆಸುವ ಆ ಹುಡುಗ ಅಂದಿನಿಂದ ನನ್ನ ಬರಹಗಳನ್ನು ಕೇಳಿಯೇ ಹಾಕುತ್ತಿದ್ದಾನೆ, ಹೆಸರನ್ನೂ ಹಾಕುತ್ತಿದ್ದಾನೆ. ಈಚೆಗೆ ನಾಯಿ ಕಡಿತವನ್ನು ಕುರಿತ ಒಂದು ಲೇಖನಕ್ಕಾಗಿ ಕರೆದು, "ಸಾರ್, ಚೆನ್ನಾಗಿದೆ, ಆದ್ರೆ ಲಸಿಕೆ ವಿಷಯ ಒಂದು ಸ್ವಲ್ಪ ಜಾಸ್ತಿ ಆಯ್ತು. ಅದೊಂದು ಬಿಟ್ಟು ಹಾಕ್ಲಾ?" ಎಂದು ಕೇಳಿದ. ಬೇಡವಪ್ಪಾ, ಹಾಕುವುದಾದರೆ ಪೂರ್ತಿಯಾಗಿ ಹಾಕು ಎಂದೆ. "ಆಯ್ತು ಸಾರ್," ಎಂದು ಬಹಳ ಮರ್ಯಾದೆಯಿಂದ ಹೇಳಿದ. ಆ ಲೇಖನವನ್ನು ಅವನು ಹಾಕಲೇ ಇಲ್ಲ.